ಅಪ್ಪ ಕೂರಲೊಲ್ಲದ ದಿನಗಳು

ನಮ್ಮದು ಗಾದಿ ಮಾಡುವವರ ಮನೆ. ಸಿರುಗುಪ್ಪದಲ್ಲಿ ಅಪ್ಪ ಅರಳೆ ಹಿಂಜಿ, ದಪ್ಪ ಬಟ್ಟೆಯ ಚೀಲಕ್ಕೆ ತುಂಬಿ, ಗೇಣುದ್ದದ ಸೂಜಿಯಿಂದ ಹೊಲಿದು ಗಾದಿ ಮಾಡುತ್ತಿದ್ದ. ಆ ಊರಿನ ಅರ್ಧ ಮದುವೆಗಳು ಅಪ್ಪನ ಗಾದಿಯ ಮೇಲೇ ಶುರುವಾಗಿವೆ ಎಂದು ಅವ್ವ ನಗುತ್ತಿದ್ದಳು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತು ಕಿವಿಗೆ ಬಿದ್ದರೆ ಅಪ್ಪನಿಗೆ ರೇಗುತ್ತಿತ್ತು. “ಕಾಲು ಎಷ್ಟುದ್ದ ಐತಿ ಅಂತ ಮೊದಲ ಅಳತಿ ತಗೋಬೇಕು, ಆಮ್ಯಾಲ ಹಾಸಿಗಿ ಹೊಲೀಬೇಕು. ಈ ಮಾತು ಹುಟ್ಟಿಸಿದಾಂವ ಯಾವನೋ ಕೆಲಸಗಳ್ಳ” ಎನ್ನುತ್ತಿದ್ದ.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಮದುವೆಯಾಗಿ ಬಳ್ಳಾರಿಯ ಗಾಂಧಿನಗರಕ್ಕೆ ಬಂದೆ. ನಮ್ಮ ಮನೆಯವರದು ಬ್ರೂಸ್‌ಪೇಟೆಯಲ್ಲಿ ಅರಳೆ ಮತ್ತು ಗಾದಿಯ ಅಂಗಡಿ. ಆಗ ಗಣಿಯ ಕಾಲ. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಅದಿರಿನ ಲಾರಿಗಳು ರಸ್ತೆಯನ್ನು ಹಪ್ಪಳದ ಹಾಗೆ ಪುಡಿ ಮಾಡಿದ್ದವು. ನಾನು ದಿನಾ ಧೂಳನ್ನು ಬೈಯುತ್ತಿದ್ದೆ. ಆದರೆ ಸುಳ್ಳೇಕೆ ಹೇಳಲಿ, ಆ ಧೂಳಿನಿಂದಲೇ ನಮ್ಮ ಅಂಗಡಿಗೆ ಕೈತುಂಬ ಕೆಲಸ ಬಂತು. ತಿಂಗಳಿಗೊಂದು ಹೊಸ ಲಾಡ್ಜು ಏಳುತ್ತಿತ್ತು, ಎಲ್ಲರಿಗೂ ಗಾದಿ ಬೇಕಿತ್ತು. ಲಾರಿ ಡ್ರೈವರುಗಳು ಸೀಟಿನ ಹಿಂದಿನ ಹಲಗೆಗೆ ಹಾಸಲು ಗಾದಿ ಹೊಲಿಸುತ್ತಿದ್ದರು. ಸಿರುಗುಪ್ಪದಿಂದ ಅಪ್ಪನೂ ಕಳಿಸಿದ್ದೇ ಕಳಿಸಿದ್ದು.

ಆ ಭರಾಟೆಯ ಕೊನೆಯ ವರ್ಷಗಳಲ್ಲಿ ಅಪ್ಪನಿಗೆ ಮೂತ್ರ ಕಟ್ಟತೊಡಗಿತು. ಅವನು ಯಾರಿಗೂ ಹೇಳಲಿಲ್ಲ. ಅವ್ವ ತೀರಿಹೋಗಿದ್ದಳು, ಇಂಥದ್ದನ್ನು ಮಗಳಿಗೆ ಹೇಳುವುದು ಹೇಗೆ? ಕೊನೆಗೆ ತಡೆಯಲಾಗದೆ ಅಳಿಯನ ಕಿವಿಯಲ್ಲಿ ಉಸುರಿದ. ಪರೀಕ್ಷೆಗಳಾದವು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ಗ್ರಂಥಿಯ ಒಳಗೇ ಇದೆ, ಹರಡಿಲ್ಲ. ಹೃದಯ ಅಷ್ಟು ಗಟ್ಟಿಯಿಲ್ಲದ್ದರಿಂದ ಆಪರೇಷನ್ ಬೇಡ, ರೇಡಿಯೇಷನ್ ಸಾಕು ಎಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಜನ ‘ಕರೆಂಟು’ ಅನ್ನುತ್ತಾರೆ.

ಕ್ಯಾನ್ಸರ್ ಎಂಬ ಮಾತಿಗೆ ಅಪ್ಪ ಹೆದರಲಿಲ್ಲ. ಕರೆಂಟು ಎಂಬ ಮಾತಿಗೆ ಹೆದರಿದ. ಅದಕ್ಕೆ ಕಾರಣ ಕುರುಗೋಡಿನ ಕಾಕಾ. ಕಾಕಾ ಅಪ್ಪನ ಜೀವದ ಗೆಳೆಯ; ಹತ್ತಿ ಬೆಳೆಯುವ ರೈತ. ಅವನ ಹತ್ತಿಯನ್ನು ಅಪ್ಪ, ಅಪ್ಪನ ಗಾದಿಯನ್ನು ಅವನು ಊರೂರಿಗೆ ಹೊಗಳುತ್ತಿದ್ದರು. ಕಾಕಾಗೆ ಕೆಲವು ವರ್ಷಗಳ ಹಿಂದೆ ಇದೇ ಕಾಯಿಲೆಗೆ ದೂರದ ಊರಿನಲ್ಲಿ ಕರೆಂಟು ಕೊಟ್ಟಿದ್ದರು. ಕ್ಯಾನ್ಸರ್ ಹೋಯಿತು. ಆದರೆ ಆಮೇಲೆ ಹಿಂದಿನಿಂದ ರಕ್ತ ಬೀಳುವುದು, ಬಚ್ಚಲಿಗೆ ಹೋಗುವಷ್ಟು ಹೊತ್ತೂ ತಡೆಯಲಾಗದಿರುವುದು ಶುರುವಾಯಿತು. ಕಾಕಾ ಬಸ್ಸು ಹತ್ತುವುದನ್ನೇ ಬಿಟ್ಟ. ಮದುವೆಗೆ, ಮಣ್ಣಿಗೆ ಎಲ್ಲಿಗೂ ಬರುತ್ತಿರಲಿಲ್ಲ.

“ಕ್ಯಾನ್ಸರ್ ಇರಲಿ. ಹಿಡಿತ ಹೋದ್ರ ನನ್ನ ವಜೂ ಏನಾಗಬೇಕು?” ಎಂದ ಅಪ್ಪ.

ನಮಾಜಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆದು ಶುದ್ಧವಾಗುವುದು ವಜೂ. ಮಾಡಿಕೊಂಡ ಮೇಲೆ ಒಂದು ಹನಿ ಸೋರಿದರೂ, ಗಾಳಿ ಹೋದರೂ ಅದು ಮುರಿಯುತ್ತದೆ, ಮತ್ತೆ ಮಾಡಬೇಕು. ಮುರಿಯದಿದ್ದರೆ ಮುಂದಿನ ನಮಾಜಿಗೂ ಅದೇ ಸಾಕು. ಅಪ್ಪ ಐದು ಹೊತ್ತೂ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವನು. ಕಾಯಿಲೆಯವರಿಗೆ ಧರ್ಮದಲ್ಲಿ ರಿಯಾಯಿತಿ ಇದೆ ಎಂದು ಮಸೀದಿಯ ಗುರುಗಳಾದ ಹಜರತರು ಸಮಾಧಾನ ಹೇಳಿದರು. ಅಪ್ಪನಿಗೆ ರಿಯಾಯಿತಿ ಬೇಕಿರಲಿಲ್ಲ. ಸಾಲಿನ ನಡುವಿನಿಂದ ಎದ್ದು ಓಡುವ ಮನುಷ್ಯ ತಾನಾಗಬಾರದು, ಅಷ್ಟೇ ಅವನ ಹಟ. ಅಂಥದ್ದಾಗುವುದಾದರೆ ಕರೆಂಟೇ ಬೇಡ ಎಂದು ಕೂತ.

ಅವನನ್ನು ಒಪ್ಪಿಸಲು ಬಳ್ಳಾರಿಯ ಆಸ್ಪತ್ರೆಯ ಡಾಕ್ಟರಮ್ಮನ ಮುಂದೆ ಕೂರಿಸಿದೆ. ಹೊರದೇಶದಲ್ಲಿ ಕಲಿತು ಬಂದಿದ್ದ ಹೆಣ್ಣುಮಗಳು. ಅವರು ಚಿತ್ರ ಬರೆದು ವಿವರಿಸಲು ಹೊರಟರೆ ಅಪ್ಪ ನನ್ನ ಕಡೆ ತಿರುಗಿ, “ನೀ ಆ ಗ್ವಾಡಿ ನೋಡವ್ವಾ” ಎಂದ. ಹೀಗೆ ನಾನು ಗೋಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

“ಗ್ರಂಥಿ ಮುಂದೆ, ಗುದನಾಳ ಹಿಂದೆ. ಎರಡೂ ಅಂಟಿಕೊಂಡೇ ಇರ್ತಾವೆ. ಗ್ರಂಥಿಗೆ ಕೊಡೋ ಕರೆಂಟು ಹಿಂದಿನದಕ್ಕೂ ಸ್ವಲ್ಪ ತಾಗುತ್ತೆ. ಬಹಳ ಜನಕ್ಕೆ ಅದರಿಂದ ದೊಡ್ಡ ತೊಂದರೆ ಆಗಲ್ಲ. ನಿಮ್ಮ ಗೆಳೆಯರ ಹಾಗೆ ಆಗೋದು ಕೆಲವರಿಗೆ ಮಾತ್ರ. ಅದನ್ನೂ ಕಡಿಮೆ ಮಾಡೋಕೆ ಒಂದು ದಾರಿ ಇದೆ” ಎಂದರು ಡಾಕ್ಟರಮ್ಮ. ಎರಡರ ನಡುವೆ ಸೂಜಿಯಿಂದ ಒಂದು ಜೆಲ್ ತುಂಬುತ್ತಾರಂತೆ, ಕಿರುಬೆರಳಿನಷ್ಟು ದಪ್ಪ. ಗುದನಾಳ ಅಷ್ಟು ಹಿಂದಕ್ಕೆ ಸರಿದರೆ ಕರೆಂಟಿನ ಪೆಟ್ಟು ಅದಕ್ಕೆ ಬಹಳ ಕಡಿಮೆ ಬೀಳುತ್ತದೆ. ಚಿಕಿತ್ಸೆ ಮುಗಿಯುವ ತನಕ ಜೆಲ್ ಇದ್ದು, ಆಮೇಲೆ ಕೆಲವು ತಿಂಗಳಲ್ಲಿ ತಾನೇ ಕರಗಿ ಮೈಯಲ್ಲಿ ಇಂಗಿಹೋಗುತ್ತದೆ. ಅದನ್ನು ಹೊರದೇಶದಿಂದ ತರಿಸಬೇಕಿತ್ತು.

ಅಪ್ಪನ ಮುಖ ಬೆಳಗಿರಬೇಕು; ನಾನು ಗೋಡೆ ನೋಡುತ್ತಿದ್ದೆನಲ್ಲ, ಮಾತಿನಲ್ಲಿ ಮಾತ್ರ ಗೊತ್ತಾಯಿತು. “ಅಂದ್ರ ನಡುವ ಒಂದು ಗಾದಿ ಹಾಸ್ತೀರಿ.”

“ಹಾಂ, ಗಾದಿನೇ ಅಂದ್ಕೊಳ್ಳಿ” ಎಂದುಬಿಟ್ಟರು ಡಾಕ್ಟರಮ್ಮ, ಪಾಪ. ಆ ಒಂದು ಮಾತು ಮುಂದೆ ತಮ್ಮನ್ನೂ ನಮ್ಮನ್ನೂ ಎಷ್ಟು ಗೋಳು ಹೊಯ್ದುಕೊಳ್ಳುತ್ತದೆಂದು ಅವರಿಗೇನು ಗೊತ್ತು?

ಅಪ್ಪ ಮೊದಲು ಕೇಳಿದ್ದು, ಅದನ್ನು ಯಾವುದಾದರೂ ಪ್ರಾಣಿಯಿಂದ ಮಾಡುತ್ತಾರಾ ಎಂದು. ಅಲ್ಲವೆಂದು ಅವರು ತಿಳಿಸಿ ಹೇಳಿದರು. ಆಮೇಲೆ ಅಪಾಯ ಏನೇನು ಎಂದು ನಾನು ಗೋಡೆಯನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಸೂಜಿ ಚುಚ್ಚಿದ ಜಾಗ ನೋಯಬಹುದು, ಕೀವಾಗಬಹುದು. ಅಪರೂಪಕ್ಕೆ ಜೆಲ್ ಗುದನಾಳದ ಗೋಡೆಯೊಳಗೇ ಹೊಕ್ಕು ಗಾಯ ಮಾಡಬಹುದು, ಅದಕ್ಕೇ ಒಳಗಿನದನ್ನು ಪರದೆಯ ಮೇಲೆ ನೋಡುತ್ತ ತುಂಬುವುದು. ಎಲ್ಲರಿಗೂ ಇದು ಬೇಕೆಂದಿಲ್ಲ. ರೋಗ ಗ್ರಂಥಿಯ ಹಿಂದಿನ ಗೋಡೆ ದಾಟಿದ್ದರೆ ನಾವೇ ಬೇಡವೆನ್ನುತ್ತಿದ್ದೆವು ಎಂದರು. ಕೊನೆಗೆ ಬೆರಳೆತ್ತಿ ಹೇಳಿದ್ದು: “ಜ್ವರ ಬಂದರೆ, ಮೂತ್ರ ಕಟ್ಟಿದರೆ, ಕೂರೋಕೂ ಆಗದಷ್ಟು ನೋವಾದರೆ ತಡ ಮಾಡಬೇಡಿ. ತಕ್ಷಣ ಬನ್ನಿ.”

ಅಪ್ಪ ಒಪ್ಪಿದ. ಜೆಲ್ ಬಂತು, ತುಂಬಿದರು. ಸಂಜೆ ಮಂಪರಿನಲ್ಲಿದ್ದ ಅಪ್ಪನನ್ನು ಆಟೋದಲ್ಲಿ ಮನೆಗೆ ಕರೆತಂದೆ. ನನ್ನ ಭುಜಕ್ಕೆ ತಲೆಯಿಟ್ಟು ದಾರಿಯುದ್ದಕ್ಕೂ ಗೊರಕೆ ಹೊಡೆದ.

ಮರುದಿನ ಬೆಳಿಗ್ಗೆ ಚಹಾ ತಂದರೆ ಅಪ್ಪ ನಿಂತಿದ್ದ. ನಿಂತೇ ಕುಡಿದ. ನಾಷ್ಟಾಕ್ಕೆ ಕರೆದರೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ನಿಂತೇ ತಿಂದ. “ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರ, ಅದಕ್ಕೇನು ನಿಂತೀಯ?” ಎಂದು ಛೇಡಿಸಿದೆ. ನಕ್ಕ. ಮಧ್ಯಾಹ್ನವೂ ನಿಂತ. ಟಿವಿ ನಿಂತು ನೋಡಿದ. ಅಂಗಡಿಗೆ ಹೋದರೆ ಗಾದಿಗಳ ರಾಶಿಯ ಪಕ್ಕ ಕಾವಲುಗಾರನಂತೆ ನಿಂತನಂತೆ, ಗಿರಾಕಿಗಳು “ಯಜಮಾನ್ರ, ನಿಮ್ಮ ಗಾದಿ ಮ್ಯಾಲೆ ನೀವ ಕುಂದ್ರಲ್ಲಂದ್ರ ನಾವು ಹೆಂಗ ನಂಬಬೇಕು?” ಎಂದು ಕಾಲೆಳೆದರಂತೆ. ಮಲಗುವುದಿದ್ದರೆ ಮಗ್ಗುಲಾಗಿ ಮಾತ್ರ.

ಆಮೇಲೆ ನಮಾಜು ಮಾಡುವುದನ್ನು ನೋಡಿದೆ. ನಿಂತ, ಬಾಗಿದ, ತಲೆ ನೆಲಕ್ಕೆ ಮುಟ್ಟಿಸಿದ. ಆದರೆ ನಡುವೆ ಹಿಮ್ಮಡಿಯ ಮೇಲೆ ಕೂರಬೇಕಾದಲ್ಲಿ ಮೊಳಕಾಲ ಮೇಲೆ ನೆಟ್ಟಗೆ ನಿಂತುಬಿಟ್ಟ. ನಮಾಜಿನಲ್ಲೇ ಕೂರುವುದನ್ನು ಬಿಟ್ಟಿದ್ದಾನೆಂದರೆ ನೋವು ಎಷ್ಟಿರಬೇಕು! ‘ಕೂರೋಕೂ ಆಗದಷ್ಟು ನೋವಾದರೆ’ ಎಂಬ ಮಾತು ತಲೆಯಲ್ಲಿ ಗಿರಗಿರ ಸುತ್ತಿತು. ನೋವೈತಾ ಎಂದರೆ “ಏನಿಲ್ಲವ್ವಾ” ಎಂದ. ಅಪ್ಪಂದಿರ ‘ಏನಿಲ್ಲ’ವನ್ನು ನಂಬಿದವರು ಕೆಟ್ಟರು. ಸಿಟ್ಟು, ಭಯ ಎರಡೂ ಸೇರಿ ನಾನು ಬೀದಿಗೆ ಕೇಳುವಂತೆ ಕೂಗಾಡಿ ಆಟೋ ತರಿಸಿದೆ. ಅಪ್ಪ ಆಟೋ ಹತ್ತಿದ ಚಂದವೇ ಚಂದ: ಸೀಟಿನ ಮೇಲೆ ಮೊಳಕಾಲೂರಿ, ಹಿಂದಕ್ಕೆ ಮುಖ ಮಾಡಿ, ನಮ್ಮ ಹಿಂದೆ ಬರುತ್ತಿದ್ದ ಲಾರಿ ಡ್ರೈವರನಿಗೆ ಸಲಾಮು ಹೊಡೆಯುತ್ತ ಬಂದ.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿದರು. ಜ್ವರವಿಲ್ಲ, ಬಾವಿಲ್ಲ, ಮುಟ್ಟಿದರೆ ನೋವಿಲ್ಲ. ಕರೆಂಟಿನ ಲೆಕ್ಕ ಹಾಕಲು ಸ್ಕ್ಯಾನ್ ಹೇಗೂ ಆಗಬೇಕಿತ್ತು, ಅದನ್ನೂ ಮಾಡಿಸಿದರು. ಜೆಲ್ ಇರಬೇಕಾದಲ್ಲೇ ಇದೆ, ಬಹಳ ಚೆನ್ನಾಗಿ ಕೂತಿದೆ ಎಂದರು.

“ಅದು ಕುಂತೈತಿ. ನೀ ಯಾಕ ಕುಂದ್ರವಲ್ಲಿ?” ಎಂದು ನಾನು ಚೀರಿದೆ.

ಅಪ್ಪ ಡಾಕ್ಟರಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಕೊನೆಗೆ ದೊಡ್ಡ ಗುಟ್ಟು ಬಿಚ್ಚುವವನಂತೆ ಹೇಳಿದ: “ಗಾದಿ ಅಂದ್ರ ಕುಗ್ಗತೈತಿ. ನಲವತ್ತು ವರ್ಷ ನೋಡೀನಿ. ಎಂಥಾ ಅರಳಿ ತುಂಬು, ದಿನಾ ಒಂದ ಜಾಗದಾಗ ಕುಂತ್ರ ಅಲ್ಲಿ ತಗ್ಗು ಬೀಳತೈತಿ. ಇದು ಕುಗ್ಗಿದ್ರ ಕರೆಂಟು ಹಿಂದಕ್ಕ ಹಾಯ್ತೈತಿ. ಅದಕ್ಕ ಮುಗಿಯೋ ತನಕ ಕುಂದ್ರಂಗಿಲ್ಲ ಅಂತ ಠರಾವು ಮಾಡೀನಿ.”

ಡಾಕ್ಟರಮ್ಮ ನಗು ತಡೆಯಲಾಗದೆ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ತಾಳ್ಮೆಯಿಂದ ವಿವರಿಸಿದರು. ನಾವು ಕೂರುವುದು ಕುಂಡಿಯ ಎರಡು ಮೂಳೆಗಳ ಮೇಲೆ, ಜೆಲ್ ಇರುವುದು ಮೇಲೆ ಒಳಗೆ, ಆ ಮೂಳೆಗಳ ಆಸರೆಯಲ್ಲಿ; ಕೂತರೆ, ನಡೆದರೆ, ಬಸ್ಸಿನಲ್ಲಿ ಕುಲುಕಿದರೆ ಅದು ಜರುಗುವುದಿಲ್ಲ, ಕುಗ್ಗುವುದೂ ಇಲ್ಲ. ಅಪ್ಪ ತಲೆದೂಗಿ, “ಆತ್ರಿ ಅಮ್ಮಾ” ಎಂದ. ಹೊರಗೆ ಬಂದು ಬೆಂಚಿನ ಪಕ್ಕ ನಿಂತ.

“ಮತ್ತ ಕುಂದ್ರಪ್ಪಾ!”

“ಅಕಿ ಓದಿದಾಕಿ, ಖರೆ. ಆದರ ಗಾದಿ ನಂಗೊತ್ತು.”

ಜೆಲ್ ತುಂಬಿದ ದಿನ ಆಟೋದಲ್ಲಿ ಅವನು ಕೂತೇ ಬಂದದ್ದನ್ನು ನೆನಪಿಸಿದೆ. ಅದೂ ಆ ರಸ್ತೆಯಲ್ಲಿ, ಪ್ರತಿ ಗುಂಡಿಯಲ್ಲೂ ಎಗರಿ ಬೀಳುತ್ತ! ಆದರೂ ಸ್ಕ್ಯಾನಿನಲ್ಲಿ ಸರಿಯಾಗಿಯೇ ಇದೆಯಲ್ಲ? ಅಪ್ಪ ಯೋಚಿಸಿದ. “ಹೊಸಾ ಗಾದಿ ಒಂದು ದಿನಕ್ಕ ಕುಗ್ಗಂಗಿಲ್ಲವ್ವಾ” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ ನಮ್ಮಪ್ಪನೇ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಕರೆಂಟು ಶುರುವಾಯಿತು. ವಾರಕ್ಕೆ ಐದು ದಿನ, ಅನೇಕ ವಾರ. ಹೊಟ್ಟೆ ಖಾಲಿ ಮಾಡಿಕೊಂಡು, ನೀರು ಕುಡಿದು ಮೂತ್ರಕೋಶ ತುಂಬಿಕೊಂಡು ಹೋಗಬೇಕು. ಗಾಳಿ ತುಂಬುವ ಮಿರ್ಚಿ ಬಜ್ಜಿ, ಕಾಳು ಬಂದ್. ಮಿರ್ಚಿಯಿಲ್ಲದ ಮಂಡಕ್ಕಿ ಒಗ್ಗರಣಿಯನ್ನು ಅಪ್ಪ ಗೊಣಗದೆ ತಿಂದ. ಕೂರುವುದೊಂದನ್ನು ಬಿಟ್ಟು ಹೇಳಿದ್ದೆಲ್ಲ ಮಾಡಿದ. ಆದರೆ ವಯಸ್ಸಾದ ಕಾಲುಗಳು ಎಷ್ಟೆಂದು ನಿಂತಾವು? ಪಾದ ಬಾತವು, ಮೀನಖಂಡ ಸೆಟೆದವು. ಯಂತ್ರದ ಕೆಳಗೆ ಅಲುಗಾಡದೆ ಮಲಗಬೇಕಲ್ಲ, ಅಲ್ಲಿ ಕಾಲು ತಾನಾಗಿಯೇ ಎಳೆದು ನಡುಗತೊಡಗಿತು. ಮೈ ಜರುಗಿದರೆ ಕರೆಂಟಿನ ಗುರಿ ತಪ್ಪುತ್ತದೆ. ಒಂದು ದಿನ ಅರ್ಧಕ್ಕೇ ನಿಲ್ಲಿಸಿ ಮನೆಗೆ ಕಳಿಸಿದರು. ಡಾಕ್ಟರಮ್ಮ ನಗಲಿಲ್ಲ ಈ ಸಲ. “ಹಿಂಗೇ ಆದರೆ ಚಿಕಿತ್ಸೆ ತಡವಾಗುತ್ತೆ. ಜೆಲ್ ಇರೋದರೊಳಗೆ ಮುಗಿಸಬೇಕು. ಯಾವುದನ್ನ ಕಾಪಾಡೋಕೆ ನಿಂತಿದ್ದಾರೋ ಅದಕ್ಕೇ ಪೆಟ್ಟು” ಎಂದರು. ಮನೆಗೆ ಬಂದು ಅದನ್ನೇ ಅಪ್ಪನಿಗೆ ಹೇಳಿದೆ. ಕೇಳಿಸಿಕೊಂಡ. ಗೋಡೆಗೆ ಒರಗಿ ನಿಂತ.

ಬೇರೆ ದಾರಿ ಕಾಣದೆ ಕುರುಗೋಡಿಗೆ ಫೋನು ಹಚ್ಚಿದೆ. ಫೋನಿನಲ್ಲೇ ಕಾಕಾ ನಾಲ್ಕು ಮಾತು ಬೈಯಲಿ, ಗೆಳೆಯನ ಮಾತಿಗಾದರೂ ಕೂತಾನು ಎಂಬ ಆಸೆ. ಕಾಕಾ ಎಲ್ಲ ಕೇಳಿ, “ಹೌದಾ? ಆತು ಬಿಡವ್ವಾ” ಎಂದು ಫೋನಿಟ್ಟುಬಿಟ್ಟ. ನನಗೆ ಬೇಸರವಾಯಿತು.

ಮರುದಿನ ಮಧ್ಯಾಹ್ನ ಬಾಗಿಲು ಬಡಿಯಿತು. ಕಾಕಾ ನಿಂತಿದ್ದ. ಧೋತರದ ತುಂಬ ಕೆಂಪು ಧೂಳು, ಬಗಲಲ್ಲಿ ಕೈಚೀಲ. ಊರ ಗಡಿ ದಾಟಿ ವರ್ಷಗಳಾಗಿದ್ದ ಮನುಷ್ಯ! ಅಪ್ಪ ಬಾಯಿ ತೆರೆದವನು ತೆರೆದೇ ಇದ್ದ.

“ಬಸ್ಸಿಗೆ ಬಂದ್ಯಾ?”

“ಮತ್ತೇನು ವಿಮಾನಕ್ಕ ಬರಲಾ? ಅದು ನಿಮ್ಮ ಗಣಿಯವರಿಗೆ” ಎಂದ ಕಾಕಾ. “ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ತಿಂದ್ರ ತಾನ ತ್ರಾಸು? ಆದ್ರೂ ನಡುದಾರ್ಯಾಗ ಲಾರಿ ಸಾಲು ನಿಂತು, ಬಸ್ಸು ಅಲ್ಲೇ ಠಿಕಾಣಿ ಹೂಡ್ತು. ನನಗ ತಡೀಲಿಲ್ಲ. ಇಳದು ಜಾಲಿಗಿಡದ ಹಿಂದ ಓಡಿದೆ. ಬರೋದ್ರಾಗ ಬಸ್ಸು ಹೋಗಿತ್ತು. ಚೀಲದಾಗಿನ ಧೋತ್ರ ಉಟಗೊಂಡು ಇನ್ನೊಂದು ಬಸ್ಸು ಹತ್ತಿದೆ.” ಇದನ್ನು ಹೇಳಿ ತಾನೇ ಗಹಗಹಿಸಿ ನಕ್ಕ. ನನ್ನ ಮುಂದೆ ಇಂಥ ಮಾತಾಡುತ್ತಿದ್ದಾನೆಂದು ಅಪ್ಪ ಕಣ್ಣು ಸನ್ನೆ ಮಾಡಿದರೆ, “ಅಕಿನೂ ನನ್ನ ಮಗಳ. ಎಷ್ಟಂತ ಗ್ವಾಡಿ ನೋಡ್ಯಾಳು?” ಎಂದ.

ನಮ್ಮ ನಡುಮನೆಯಲ್ಲಿ ಅಂಗಡಿಗೆ ಹೋಗಬೇಕಾದ ಗಾದಿಯೊಂದಿತ್ತು. ಕಾಕಾ ಹೋಗಿ ಅದರ ಮೇಲೆ ಪಟ್ಟಾಗಿ ಕೂತು, ಪಕ್ಕಕ್ಕೆ ಕೈ ತಟ್ಟಿದ.

“ಕುಂದ್ರಲೇ.”

ಅಪ್ಪ ಅಲುಗಲಿಲ್ಲ.

“ನಂದು ಕೆಟ್ಟೈತಿ. ಆದ್ರೂ ಬಸ್ಸಿನ್ಯಾಗ ಕುಂತು ಬಂದೆ. ನಿಂದು ಗಟ್ಟಿ ಐತಿ, ನೀ ನಿಂತೀ. ನಾಚಿಕಿ ಬರಂಗಿಲ್ಲೇನು?” ಎಂದ ಕಾಕಾ. ದನಿ ಸ್ವಲ್ಪ ಇಳಿಯಿತು. “ನನಗ ಕರೆಂಟು ಕೊಟ್ಟಾಗ ಈ ಜೆಲ್ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ಹಾಕಿದ್ರ, ಡಾಕ್ಟರು ಕುಂದ್ರು ಅಂದ್ರ ಕುಂದರ್ತಿದ್ದೆ, ಕುಣಿ ಅಂದ್ರ ಕುಣೀತಿದ್ದೆ. ನಿನಗ ಸಿಕ್ಕೈತಿ. ಆ ಹುಡುಗಿ ತುಂಬಿದ್ದನ್ನ ನಂಬಲೇ. ನೀ ಗಾದಿ ತುಂಬಿದ್ದನ್ನ ನಾನೂ ನಂಬೀನಲ್ಲ, ಬಿಚ್ಚಿ ನೋಡಿದೆನೇನು ಒಂದು ದಿನಾರ?”

ಅಪ್ಪ ಎರಡೂ ಕೈಯಿಂದ ಗೆಳೆಯನ ಭುಜ ಹಿಡಿದು, ನೀರಿಗಿಳಿಯುವವನಂತೆ ಕಣ್ಣು ಮುಚ್ಚಿ ಮೆಲ್ಲಗೆ ಕೂತ. ಕೂತವನ ಬಾಯಿಂದ ಒಂದು ಉಸಿರು ಹೊರಬಿತ್ತು. ಅಷ್ಟೂ ದಿನದ ಕಾಲುನೋವೆಲ್ಲ ಅದರಲ್ಲಿತ್ತು.

“ಕುಗ್ಗಿತೇನು?” ಎಂದ ಕಾಕಾ.

“ಇಲ್ಲ” ಎಂದ ಅಪ್ಪ, ಬೆರಗಿನಿಂದ. ಇಬ್ಬರೂ ನಗತೊಡಗಿದರು. ನಕ್ಕು ನಕ್ಕು ಅಪ್ಪನ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ಬರೀ ನಗುವಿನ ನೀರಾಗಿ ಉಳಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ. ಉಣ್ಣಲು ಕರೆದರೆ ಕಾಕಾ ಊರಿಗೆ ಹೋಗಿಯೇ ಉಣ್ಣುತ್ತೇನೆಂದ. ಬಚ್ಚಲು ಹತ್ತು ಹೆಜ್ಜೆಯಲ್ಲಿದೆ, ಎರಡು ದಿನ ಇಲ್ಲೇ ಇರಬೇಕು, ಇಲ್ಲದಿದ್ದರೆ ನಾನೂ ಇನ್ನು ಕೂರುವುದಿಲ್ಲ ಎಂದು ಹೆದರಿಸಿದೆ. ಕಾಕಾ ಇದ್ದು ರೊಟ್ಟಿ ತಿಂದ. ಅವನನ್ನೂ ಡಾಕ್ಟರಮ್ಮನ ಬಳಿ ಕರೆದೊಯ್ದೆವು. ರಕ್ತ ಬೀಳುವುದಕ್ಕೆ ಔಷಧಿಯಿದೆ, ಇಷ್ಟು ವರ್ಷ ಯಾಕೆ ಬಚ್ಚಿಟ್ಟುಕೊಂಡಿರಿ ಎಂದು ಅವರು ಬೈದು ಚಿಕಿತ್ಸೆ ಶುರು ಮಾಡಿದರು. ಪೂರ್ತಿ ವಾಸಿಯಾಗಲಿಲ್ಲ. ಆದರೆ ಮುಂದಿನ ಮದುವೆಗಳಿಗೆ ಕಾಕಾ ಬಂದ.

ಅಪ್ಪನ ಕಾಲಿನ ಬಾವು ಇಳಿಯಿತು, ಕರೆಂಟು ಸುಸೂತ್ರ ಮುಗಿಯಿತು. ಆದರೆ ಕರೆಂಟಿನ ಕೊನೆಕೊನೆಗೆ ಅವನಿಗೂ ಬಚ್ಚಲಿಗೆ ಓಡುವ ಅವಸರ ಶುರುವಾಗಿತ್ತು. ಒಂದು ನಮಾಜಿಗೆ ಎರಡೆರಡು ಸಲ ವಜೂ ಮಾಡುತ್ತಿದ್ದ, ಮಸೀದಿಯಲ್ಲಿ ಕೊನೆಯ ಸಾಲಿಗೆ, ಬಾಗಿಲ ಬಳಿಗೆ ಸರಿದಿದ್ದ. ಡಾಕ್ಟರಮ್ಮನ ಬಳಿ ಓಡಿದೆ. ಇದು ಸಾಮಾನ್ಯ, ಬಹಳ ಮಂದಿಗೆ ಇಳಿದುಹೋಗುತ್ತದೆ, ಆದರೆ ಒಂದೆರಡು ವರ್ಷ ಕಾದು ನೋಡದೆ ಏನೂ ಖಾತ್ರಿಯಾಗಿ ಹೇಳಲಾರೆ ಎಂದರು. ಅಪ್ಪ ಸಿರುಗುಪ್ಪಕ್ಕೆ ಹೋದ. ಫೋನಿನಲ್ಲಿ ಕೇಳಿದರೆ ಮತ್ತೆ ಅದೇ ‘ಏನಿಲ್ಲವ್ವಾ’.

ಅದನ್ನು ನಂಬದೆ, ಲಾರಿಗಳ ಸದ್ದು ಅಡಗಿ ಬಳ್ಳಾರಿಯ ಲಾಡ್ಜುಗಳು ಖಾಲಿಯಾಗುತ್ತಿದ್ದ ದಿನಗಳಲ್ಲಿ, ಒಂದು ಭಾನುವಾರ ನಾನೇ ಹೋದೆ. ಮೂರನೇ ಹೊತ್ತಿನ ಅಸರ್ ನಮಾಜು ಮುಗಿಸಿ ಬಂದ ಅಪ್ಪ ಚಾಪೆಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು, ಮದುವೆಯ ಗಾದಿಯೊಂದಕ್ಕೆ ಅಂಚು ಹೊಲಿಯುತ್ತಿದ್ದ. ನಾನು ಎದುರು ಕೂತು ಊರಿನ ಸುದ್ದಿ ಹೇಳಿದೆ. ಅವನು ಏಳಲಿಲ್ಲ. ಚಹಾ ಕುಡಿದೆವು. ಆಗಲೂ ಏಳಲಿಲ್ಲ. ಬಿಸಿಲು ಇಳಿದು ಸಂಜೆಯ ಮಗ್ರಿಬ್‌ಗೆ ಅಜಾನ್ ಕೂಗಿತು. ನಾನು ಲಗುಬಗೆಯಿಂದ ಎದ್ದು ಅವನ ವಜೂಗೆಂದು ಕೊಡದಿಂದ ನೀರು ಬಗ್ಗಿಸತೊಡಗಿದೆ.

ಅಪ್ಪ ಟೋಪಿ ಹಾಕಿಕೊಂಡು ನನ್ನನ್ನು ದಾಟಿ ಹೊಸ್ತಿಲಿಗೆ ಹೋದ.

“ನೀರು ಚೆಲ್ಲಬ್ಯಾಡವ್ವಾ” ಎಂದ. “ಅಸರಿಂದು ಇನ್ನೂ ಐತಿ.”